ಹನ್ನೊಂದು ಒಲೆ ಒಡೆದ ಊರು

ತಿಸ್ವಾಹಿನ್ ಯಾರನ್ನೂ ನಂಬುತ್ತಿರಲಿಲ್ಲ. ಊರೂ ಅವಳನ್ನು ನಂಬುತ್ತಿರಲಿಲ್ಲ. ಆದರೂ ನಮ್ಮ ಅಬು ಜಮ್ರಾದ ಹನ್ನೊಂದು ಮನೆಗಳಲ್ಲಿ ದಿನಾ ಬೆಳಗ್ಗೆ ರೊಟ್ಟಿ ಬೇಯುತ್ತಿದ್ದದ್ದು ಅವಳ ಕೈಯಿಂದ ಎದ್ದ ತಂದೂರ್ ಒಲೆಗಳಲ್ಲೇ.

ಅವಳ ಅಪ್ಪನಿಗೆ ಗಂಡುಮಗು ಬೇಕಿತ್ತಂತೆ. ಹುಟ್ಟಿದ್ದು ಇವಳು. ಅಕ್ಕಪಕ್ಕದವರು ಅಯ್ಯೋ ಪಾಪ ಅಂದಾಗ ಅಜ್ಜಿಗೆ ರೇಗಿ, "ಇವಳೊಬ್ಬಳೇ ಆ ಗಂಡುಮಕ್ಕಳೆಲ್ಲರಿಗೂ ಸಮ" ಅಂದಳಂತೆ. ಆ ಮಾತೇ ನಮ್ಮ ಭಾಷೆಯಲ್ಲಿ ತಿಸ್ವಾಹಿನ್ ಎಂದು ಹೆಸರಾಯಿತು. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ನಲವತ್ತರ ಹತ್ತಿರ. ಗಂಡ ಇರಾನಿನ ಯುದ್ಧಕ್ಕೆ ಹೋಗಿ ಕಾಣೆಯಾಗಿದ್ದ. ಸತ್ತನೋ ಸೆರೆಸಿಕ್ಕನೋ ಎಂದು ಸರ್ಕಾರಕ್ಕೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಒಂದು ಕಾಗದ ಬರೆದರು: ಅವನು ತಾನಾಗಿಯೇ ಶತ್ರುಗಳ ಕಡೆಗೆ ನಡೆದು ಹೋದ ಎಂದು. ಅಲ್ಲಿಗೆ ಅವಳ ಪಿಂಚಣಿ ನಿಂತಿತು, ಖರ್ಜೂರದ ತೋಟ ಕೈಬಿಟ್ಟಿತು. ಕಾಗದದ ಕೆಳಗೆ ಹೆಸರಿರಲಿಲ್ಲ. ಆದರೆ ಅದರಲ್ಲಿ ಅವಳ ಗಂಡನ ಎಡಗಿವಿಯ ಮಚ್ಚೆಯ ಸುದ್ದಿ ಇತ್ತು. ಅದನ್ನು ಬಲ್ಲವರು ಈ ಊರಿನವರೇ ಆಗಿರಬೇಕು. ಅಂದಿನಿಂದ ಅವಳು ನಮ್ಮೆಲ್ಲರ ಕೈಬೆರಳುಗಳನ್ನು ನೋಡಿಯೇ ಮಾತಾಡುತ್ತಿದ್ದಳು, ಮಸಿ ಅಂಟಿದೆಯೇನೋ ಎನ್ನುವ ಹಾಗೆ.

ಒಬ್ಬಳೇ ಮಗಳನ್ನು ಶತ್ರಾ ಪಟ್ಟಣಕ್ಕೆ ಕೊಟ್ಟು, ಕಾಲುವೆಯ ಪಕ್ಕದ ಮನೆಯಲ್ಲಿ ಒಂಟಿಯಾಗಿ ಒಲೆ ಕಟ್ಟುತ್ತಿದ್ದಳು. ಮಣ್ಣು ತರುತ್ತಿದ್ದದ್ದು ದಿಬ್ಬದ ಬುಡದಲ್ಲಿರುವ ಬತ್ತಿದ ಹಳೇ ಕಾಲುವೆಯಿಂದ. ದಿಬ್ಬ ಅಂದರೆ ನಮ್ಮೂರಿನ ಬೆನ್ನಿಗಿರುವ ಪುರಾತನರ ಪಟ್ಟಣ. ಸಾವಿರಾರು ವರ್ಷಗಳ ಹಿಂದಿನ ಇಟ್ಟಿಗೆ, ಮಡಕೆಚೂರು, ಗೀರುಬರಹದ ಮಣ್ಣುಹೆಂಟೆಗಳ ರಾಶಿ. ನನ್ನ ಮಾವನ ಕಾಲದಲ್ಲಿ ಬಿಳಿಯರು ಬಂದು ಎರಡು ಚಳಿಗಾಲ ಅಗೆದು ಹೋಗಿದ್ದರು. ಆಗ ಮಾವ ಕಾವಲುಗಾರ. ಅವರ ನಂತರ ನನ್ನ ಗಂಡ ಖಶಾನ್.

ಮಣ್ಣಿಗೆ ಮೇಕೆಕೂದಲು, ಕೊಚ್ಚಿದ ಹುಲ್ಲು, ಜೊಂಡಿನ ತೆನೆಯ ಹತ್ತಿ ಸೇರಿಸಿ, ಕಾಲಲ್ಲಿ ತುಳಿದು ಹದ ಮಾಡುತ್ತಿದ್ದಳು. ಒಂದು ದಿನಕ್ಕೆ ಒಂದು ಗೇಣು ಮಾತ್ರ ಗೋಡೆ ಏರಿಸಬೇಕು. ಅದು ಒಣಗಿದ ಮೇಲೆ ಮರುದಿನದ ಗೇಣು. ಈ ಕೆಲಸವೆಲ್ಲ ಜೊಂಡಿನ ಚಾಪೆಯ ಮರೆಯಲ್ಲಿ. ಯಾರಾದರೂ ಇಣುಕಿದರೆ ಒದ್ದೆ ಕೈಯನ್ನೇ ಬೀಸುವಳು.

"ನೋಡಬೇಡ! ನಿನ್ನ ಕಣ್ಣು ಬಿದ್ರೆ ಒಲೆ ಬಿರುಕು ಬಿಡುತ್ತೆ."

"ಒಲೆ ಬಿರುಕು ಬಿಟ್ರೆ ಅದು ನಿನ್ನ ಮಣ್ಣಿನ ತಪ್ಪು ಖಾಲಾ, ನಮ್ಮ ಕಣ್ಣಿಂದಲ್ಲ," ಎಂದು ಹುಡುಗಿಯರು ನಕ್ಕು ಓಡುತ್ತಿದ್ದರು.

ಹೊರದೇಶಗಳು ನಮ್ಮ ದೇಶದ ಮೇಲೆ ಹೇರಿದ ವ್ಯಾಪಾರ ನಿರ್ಬಂಧದ ನಾಲ್ಕನೆಯ ವರ್ಷ. ಪಟ್ಟಣದಲ್ಲಿ ಗ್ಯಾಸ್ ಸಿಲಿಂಡರ್ ಸಿಗುತ್ತಿರಲಿಲ್ಲ. ನಮ್ಮನ್ನು ಹೊಗೆಮೂತಿಯವರು ಎಂದು ಹಂಗಿಸುತ್ತಿದ್ದ ಶತ್ರಾದ ಹೆಂಗಸರೇ ಈಗ ತಂದೂರಿಗಾಗಿ ಹೇಳಿಕಳಿಸತೊಡಗಿದರು. ಪ್ರತಿ ಗುರುವಾರ ವನ್ನಾಸ್ ಎಂಬುವನ ಪಿಕಪ್ ಗಾಡಿಯಲ್ಲಿ ಎರಡು ಮೂರು ಒಲೆಗಳು ಪಟ್ಟಣಕ್ಕೆ ಹೋಗುತ್ತಿದ್ದವು. ವನ್ನಾಸ್ ನಮ್ಮೂರಿನವನೇ. ನಗುಮೊಗ, ಎಲ್ಲರಿಗೂ ಬೇಕಾದವನು. ಯಾರಿಗೆ ಏನು ತರಬೇಕೆಂದರೂ "ನನ್ನ ಕಣ್ಣ ಮೇಲೆ ತರ್ತೀನಿ" ಅನ್ನುವನು. ದಾರಿಯ ಹಳ್ಳಗಳಲ್ಲಿ ಒಲೆ ಒಡೆಯದಿರಲೆಂದು ತಿಸ್ವಾಹಿನ್ ಅವುಗಳ ಹೊಟ್ಟೆಗೆ ಹುಲ್ಲು ತುರುಕಿ ಕಳಿಸುತ್ತಿದ್ದಳು.

ಒಂದು ಭಾನುವಾರ ಮುಂಜಾನೆ ಪ್ರಾಚ್ಯವಸ್ತುಗಳನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬ ನಮ್ಮ ಮನೆಗೆ ಬಂದ. ನಾನು ಚಹಾ ತಂದಿಟ್ಟು ಬಾಗಿಲ ಮರೆಗೆ ನಿಂತೆ. ಅವನು ಲೋಟ ಮುಟ್ಟಲಿಲ್ಲ.

"ಗಡಿಯ ರಸ್ತೇಲಿ ಒಂದು ಗಂಟು ಸಿಕ್ಕಿದೆ ಖಶಾನ್. ಮುದ್ರೆಗಳು, ಬರಹದ ಹೆಂಟೆಗಳು. ಈ ಕಡೆಯದೇ ಅಂತಾರೆ ಬಲ್ಲವರು. ಈಗ ದಿಬ್ಬದ ಪಡುವಣ ಮಗ್ಗುಲು ನೋಡ್ಕೊಂಡು ಬಂದೆ. ಹೊಸ ಗುಂಡಿ ಇದೆ. ನಿನ್ನ ಕಣ್ಣಿಗೆ ಬೀಳಲಿಲ್ವಾ?"

ಆಗಿನ ಕಾಲದಲ್ಲಿ ಆ ಕಳ್ಳತನಕ್ಕೆ ನೇಣೇ ಶಿಕ್ಷೆ. ನನ್ನ ಗಂಡ ನೆಲ ನೋಡುತ್ತಲೇ ಹೇಳಿದ: "ದಿಬ್ಬದ ಬುಡಕ್ಕೆ ದಿನಾ ಬರೋಳು ಒಬ್ಬಳೇ ಉಸ್ತಾದ್. ಒಲೆ ಕಟ್ಟೋಳು. ಬುಟ್ಟಿ ತುಂಬ ಮಣ್ಣು ತಗೊಂಡು ಹೋಗ್ತಾಳೆ. ಮೇಲೆ ಗೋಣಿ ಮುಚ್ಚಿರ್ತಾಳೆ."

ಛೆ, ಅವಳಲ್ಲ ಎಂದುಕೊಂಡೆ. ಆದರೆ ಅದರ ಬೆನ್ನಿಗೇ, ಹೌದಲ್ಲ ಎಂದೂ ಅನ್ನಿಸಿತು. ಗೋಣಿ ಯಾಕೆ ಮುಚ್ಚಬೇಕು? ಚಾಪೆಯ ಮರೆ ಯಾಕೆ ಬೇಕು?

ಬಾಯಿ ಮುಚ್ಚಿಕೊಂಡಿದ್ದರೆ ಊರು ಉಳಿಯುತ್ತಿತ್ತು. ಕಾಲುವೆಯಲ್ಲಿ ಬಟ್ಟೆ ಸೆಣೆಯುವಾಗ ನಾದಿನಿ ಗನಿಯಾಳ ಕಿವಿಗೆ ಹಾಕಿದೆ. "ಯಾರಿಗೂ ಹೇಳಬೇಡ" ಅಂದೆ. ಅವಳು ಒಗೆದ ಬಟ್ಟೆ ಹಿಂಡುವ ಮೊದಲೇ ಎದ್ದು ಹೋದಳು.

ಮಧ್ಯಾಹ್ನದ ಹೊತ್ತಿಗೆ ಆ ಮಾತಿಗೆ ಕೈಕಾಲು ಬಂದಿತ್ತು. ಒಲೆಯ ಗೋಡೆ ನಾಲ್ಕು ಬೆರಳು ದಪ್ಪ, ಅದರೊಳಗೆ ಒಂದು ಬರಹದ ಹೆಂಟೆ ಆರಾಮವಾಗಿ ಕೂರುತ್ತದೆ, ಅವಳು ಒಳಗಿಟ್ಟು ಮೆತ್ತಿ ಪಟ್ಟಣಕ್ಕೆ ಕಳಿಸುತ್ತಾಳೆ, ಅಲ್ಲಿ ಅಳಿಯ ಒಡೆದು ತೆಗೆಯುತ್ತಾನೆ. ಒಬ್ಬಳಿಗೆ ಈ ವರ್ಷದ ಒಲೆಗಳು ಹೋದ ವರ್ಷದ್ದಕ್ಕಿಂತ ಭಾರ ಎಂದು ನೆನಪಾಯಿತು. ಇನ್ನೊಬ್ಬಳಿಗೆ ತನ್ನ ಒಲೆ ಬಿಸಿಯಾದಾಗ ಒಳಗಿನಿಂದ ಟಣ್ ಎನ್ನುವ ಸದ್ದು ಬರುತ್ತಿದ್ದದ್ದು ನೆನಪಾಯಿತು.

"ಹಂಗಾದ್ರೆ ನಮ್ಮ ಒಲೆಯೊಳಗೂ ಇರಬಹುದಲ್ವೇನೇ?" ಅಂದಳು ಗನಿಯಾ. "ಅಪ್ಪಿತಪ್ಪಿ ಒಂದು ಉಳ್ಕೊಂಡಿದ್ರೆ?"

ಕಳ್ಳಿ ಎಂದು ಬೈದ ಬಾಯಲ್ಲೇ ಕಳ್ಳಮಾಲಿನ ಆಸೆ. ಸೋಮವಾರ ಬೆಳಗ್ಗೆ ಗನಿಯಾ ಒನಕೆ ಎತ್ತಿ ತನ್ನ ಒಲೆ ಒಡೆದಳು. ಒಳಗೊಂದು ಮಡಕೆಚೂರು ಸಿಕ್ಕಿತು. ದಿಬ್ಬದ ಸುತ್ತ ಹೆಜ್ಜೆ ಇಟ್ಟಲ್ಲೆಲ್ಲ ಸಿಗುವಂಥದ್ದು. ಆದರೆ ಅವಳು ಅದನ್ನು ತಲೆವಸ್ತ್ರದ ಅಂಚಿಗೆ ಕಟ್ಟಿಕೊಂಡು ಕೈಮುಚ್ಚಿ ನಡೆದ ರೀತಿಗೆ ಊರೇ ಹುಚ್ಚಾಯಿತು. ಬಾಗಿಲು ಹಾಕಿಕೊಂಡು, ಪಕ್ಕದ ಮನೆಗೆ ಸದ್ದು ಕೇಳದಿರಲೆಂದು ಒಲೆಗೆ ಕಂಬಳಿ ಹೊದಿಸಿ, ಒಬ್ಬೊಬ್ಬರೂ ಒಡೆದರು. ಆ ಗುದ್ದಿನ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಎಲ್ಲರೂ ಕೇಳದವರಂತೆ ಇದ್ದರು.

ನಾನೂ ಒಡೆದೆ. ಸುಳ್ಳು ಯಾಕೆ ಹೇಳಲಿ. ಹನ್ನೆರಡು ವರ್ಷ ರೊಟ್ಟಿ ಕೊಟ್ಟ ಒಲೆಯನ್ನು ಹಾರೆಯಿಂದ ಒಡೆದು, ಹೆಂಟೆ ಹೆಂಟೆಯನ್ನೂ ಪುಡಿ ಮಾಡಿ ನೋಡಿದೆ. ಮೇಕೆಕೂದಲು ಮತ್ತು ಒಂದು ಬಸವನಹುಳುವಿನ ಚಿಪ್ಪು ಸಿಕ್ಕಿತು.

ಮಂಗಳವಾರ ಬೆಳಗ್ಗೆ ಅಬು ಜಮ್ರಾದಲ್ಲಿ ಹೊಗೆ ಏಳಲಿಲ್ಲ. ರೇಷನ್ ಹಿಟ್ಟು ಮೊದಲೇ ಕಪ್ಪು, ಹೊಟ್ಟು ಬೆರೆತದ್ದು. ಬಾಣಲೆಯ ಬೆನ್ನ ಮೇಲೆ ಹಾಕಿದರೆ ಹೊರಗೆ ಸುಟ್ಟು ಒಳಗೆ ಹಸಿ. ಮಕ್ಕಳು ಖರ್ಜೂರ ತಿಂದು ಹೊಟ್ಟೆ ಹಿಡಿದುಕೊಂಡರು. ಕಾಲುವೆಯ ಹತ್ತಿರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ನಿಂಗೇನು ಸಿಕ್ತು?" ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಏನೂ ಸಿಗಲಿಲ್ಲ ಎಂದರೆ ನಂಬುವವರೂ ಇರಲಿಲ್ಲ.

ಅದೇ ದಿನ ಅಧಿಕಾರಿ ಇಬ್ಬರು ಆಳುಗಳೊಂದಿಗೆ ತಿಸ್ವಾಹಿನಳ ಅಂಗಳಕ್ಕೆ ಬಂದ. ಊರೆಲ್ಲ ಬೇಲಿಯಾಚೆ ನಿಂತು ನೋಡಿತು. ಚಾಪೆ ಕಿತ್ತೆಸೆದರು. ಮಾರಾಟಕ್ಕೆ ಒಣಗಿಸಿದ್ದ ಆರು ಒಲೆಗಳಿದ್ದವು. ಅವಳು ತಡೆಯಲಿಲ್ಲ.

"ಒಡೀರಿ," ಅಂದಳು. "ಒಳಗೆ ನನ್ನ ಮೇಕೆ ಕೂದಲಿದೆ. ಅದನ್ನೂ ಹಿಡ್ಕೊಂಡು ಹೋಗಿ, ಜೈಲಿಗೆ ಹಾಕಿ."

ಐದು ಒಡೆದರು. ಏನೂ ಇಲ್ಲ. ಆರನೆಯದಕ್ಕೆ ಸುತ್ತಿಗೆ ಎತ್ತಿದವನ ಕೈ ಸೋತಿತ್ತು, ಧೂಳಿಗೆ ಕೆಮ್ಮು ಬಂತು. ಅಧಿಕಾರಿ "ಸಾಕು" ಅಂದ. ಆದರೆ ಹೋಗುವಾಗ ಅವಳ ಕಡೆ ಬೆರಳು ತೋರಿಸಿ, "ಇಲ್ಲ ಅಂತ ಅಲ್ಲ. ಸಿಕ್ಕಿಲ್ಲ ಅಂತ ಅಷ್ಟೇ," ಎಂದು ಹೇಳಿ ಹೋದ. ಬೇಲಿಯಾಚೆ ನಿಂತವರು ತಲೆಯಾಡಿಸಿದರು. ತಾವು ಬಡಕೊಂಡು ಒಡೆದದ್ದೂ ವ್ಯರ್ಥ, ಇವರು ಒಡೆದದ್ದೂ ವ್ಯರ್ಥ. ಆದರೂ ಗುಮಾನಿ ಮಾತ್ರ ಒಂದು ಕೂದಲಿನಷ್ಟೂ ಕರಗಲಿಲ್ಲ. "ಗಟ್ಟಿಗಿತ್ತಿ. ಬೇರೆ ಕಡೆ ಬಚ್ಚಿಟ್ಟಿದ್ದಾಳೆ," ಅಂದಳು ಗನಿಯಾ.

ಬುಧವಾರ ತಿಸ್ವಾಹಿನ್ ತನ್ನ ಮನೆಯ ಒಲೆ ಹೊತ್ತಿಸಿದಳು. ಇಡೀ ಊರಿನಲ್ಲಿ ಮನೆಬಳಕೆಗೆ ಉಳಿದಿದ್ದ ಒಂದೇ ಒಲೆ. ಬಿಸಿರೊಟ್ಟಿಯ ವಾಸನೆ ಕಾಲುವೆಯಗುಂಟ ಮನೆಮನೆಗೂ ನುಗ್ಗಿತು. ನನ್ನ ಮಗಳು ಹಸ್ನಾಗೆ ಆಗ ಒಂಬತ್ತು. ಅವಳಿಗೆ ಮೂರ್ಛೆರೋಗ, ಹಸಿವಾದರೆ ಹೆಚ್ಚು. "ಅಮ್ಮಾ, ರೊಟ್ಟಿ," ಎಂದು ಸೆರಗು ಹಿಡಿದಳು. ಮಾನ ಮೂಟೆಕಟ್ಟಿಟ್ಟು, ಹಿಟ್ಟಿನ ಬೋಗುಣಿ ತಲೆಯ ಮೇಲಿಟ್ಟುಕೊಂಡು ಹೋದೆ.

ಅವಳು ತಿರುಗಿ ನೋಡದೆಯೇ ಕೇಳಿದಳು. "ಯಾರು, ನಶ್ಮಿಯಾನಾ? ಏನಮ್ಮ, ನಿನ್ನ ಒಲೇಲಿ ಚಿನ್ನ ಸಿಕ್ತಾ?"

"ಬಸವನಹುಳದ ಚಿಪ್ಪು ಸಿಕ್ತು ಖಾಲಾ."

"ಜೋಪಾನವಾಗಿಟ್ಕೋ. ಮಗಳ ಮದುವೆಗಾಗುತ್ತೆ."

ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಆಮೇಲೆ ಬೋಗುಣಿ ಕಿತ್ತುಕೊಂಡು ನನ್ನ ಹಿಟ್ಟನ್ನೂ ಉಂಡೆ ಮಾಡಿದಳು.

"ಕಳ್ಳಿ ಮನೆ ರೊಟ್ಟಿ ಗಂಟಲಲ್ಲಿ ಇಳಿಯುತ್ತೇನು?"

"ಖಾಲಾ, ನೀವು ಕದ್ದಿಲ್ಲ ಅಂತ ಗೊತ್ತು."

"ನಿಂಗೇನು ಗೊತ್ತು ಮಣ್ಣು!" ಅವಳು ಈಗ ನನ್ನ ಕಡೆ ತಿರುಗಿದಳು. ಬೆಂಕಿಯ ಝಳಕ್ಕೆ ಮುಖ ಕೆಂಪಾಗಿತ್ತು. "ಕೇಳು. ಒಲೆ ಹೊಟ್ಟೆಗೆ ನಾನು ತುರುಕೋದು ಬಾರ್ಲಿ ಹುಲ್ಲು. ನನ್ನತ್ರ ಬೇರೆ ಹುಲ್ಲೇ ಇಲ್ಲ. ಎರಡು ತಿಂಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ ಅಲ್ಲಿ ಇಳಿಸಿದ ಒಲೇಲಿ ಇದ್ದದ್ದು ಗೋಧಿ ಹುಲ್ಲು. ಅಂದ್ರೆ ಮಧ್ಯದಲ್ಲಿ ಯಾರೋ ಕಿತ್ತು, ಏನೋ ಒಳಗಿಟ್ಟು, ಇಳಿಸ್ಕೊಂಡು, ಮತ್ತೆ ತುಂಬಿದ್ದಾರೆ. ಗಾಡಿ ಯಾರದ್ದು?"

"ವನ್ನಾಸ್!" ಅಂದೆ. "ಇದನ್ನ ಆವತ್ತೇ ಹೇಳಬಾರದಿತ್ತಾ ಖಾಲಾ?"

"ಯಾರಿಗೆ?"

"ನನ್ನ ಗಂಡನಿಗೆ. ಕಾವಲುಗಾರ ಅಲ್ವಾ."

ಅವಳು ನಕ್ಕಳು. ಅಷ್ಟು ವರ್ಷಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೆನ್ನಾಗಿರಲಿಲ್ಲ ಆ ನಗು.

"ಪಟ್ಟಣದಲ್ಲಿ ತಲೆನೋವಿನ ಮಾತ್ರೆ ಕೂಡ ಸಿಗಲ್ಲ ಈಗ. ನಿನ್ನ ಮಗಳ ಮೂರ್ಛೆ ಮಾತ್ರೆ ತಿಂಗಳು ತಿಂಗಳು ಎಲ್ಲಿಂದ ಬರುತ್ತೆ ಅಂತ ಒಂದು ಸಲಾನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಜೋರ್ಡಾನಿನಲ್ಲಿರುವ ಸೋದರತ್ತೆಯ ಮಗ ಕಳಿಸುತ್ತಾನೆ ಎಂದು ಖಶಾನ್ ಹೇಳಿದ್ದ, ನಾನು ನಂಬಿದ್ದೆ. ನಂಬಿದ್ದೆನೋ, ಕೇಳುವ ಧೈರ್ಯವಿರಲಿಲ್ಲವೋ. ಆ ಅತ್ತೆಯ ಮಗನಿಂದ ಒಂದು ಸಲಾಮಿನ ಚೀಟಿಯೂ ಬಂದಿರಲಿಲ್ಲವಲ್ಲ ಎಂದು ಆ ಹೊತ್ತು ಹೊಳೆಯಿತು. ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ನಡೆದ ಆ ನೂರು ಹೆಜ್ಜೆಗಳಲ್ಲಿ ನನ್ನ ಸಂಸಾರದ ಒಂದೊಂದು ದಿನವನ್ನೂ ಮಗುಚಿ ನೋಡಿದೆ. ಗುರುವಾರ ಮಾತ್ರ ಮಧ್ಯಾಹ್ನದ ತನಕ ಮನೆಯಲ್ಲೇ ಮಲಗುವ ಗಂಡ. ವನ್ನಾಸ್ ಎದುರಾದರೆ ಬೇರೆ ದಾರಿ ಹಿಡಿಯುವ ಗಂಡ.

ಖಶಾನ್ ಅಂಗಳದಲ್ಲಿ ಜೊಂಡು ಸೀಳುತ್ತಾ ಕೂತಿದ್ದ. ಹಸ್ನಾಳ ಕೈಗೆ ರೊಟ್ಟಿ ಕೊಟ್ಟು ಒಳಗೆ ಕಳಿಸಿ, ಮಾತ್ರೆಯ ಡಬ್ಬಿಯನ್ನು ಅವನ ಮುಂದೆ ಇಟ್ಟೆ.

"ಇದನ್ನ ಕೊಟ್ಟಿದ್ದು ಯಾರು?"

"ಹೇಳಿದ್ನಲ್ಲ, ಅತ್ತೆ ಮಗ..."

"ಹಸ್ನಾ ತಲೆ ಮೇಲೆ ಕೈಯಿಟ್ಟು ಹೇಳು."

ಅವನು ಕತ್ತಿ ಕೆಳಗಿಟ್ಟ.

"ವನ್ನಾಸ್. ಎಂಟು ತಿಂಗಳಾಯ್ತು."

"ಬದಲಿಗೆ?"

"ಗುರುವಾರ ಮಧ್ಯಾಹ್ನದ ತನಕ ನಾನು ಪಡುವಣ ಕಡೆ ಹೋಗೋದಿಲ್ಲ. ಅಷ್ಟೇ."

"ಅಷ್ಟೇನಾ? ಅವಳ ಹೆಸರು ಯಾಕೆ ಹೇಳಿದೆ?"

"ಹೆಂಗಸು, ಒಂಟಿ. ಏನೂ ಸಿಗಲ್ಲ, ಬಿಟ್ಟುಬಿಡ್ತಾರೆ ಅಂದ್ಕೊಂಡೆ. ನನ್ನ ಹಿಡಿದಿದ್ರೆ ಬಿಡ್ತಿದ್ರಾ ನಶ್ಮಿಯಾ? ನಾನೇನು ಮಾಡ್ಲಿ? ಹಸ್ನಾ ನೆಲಕ್ಕೆ ಬಿದ್ದು ನೊರೆ ಕಾರೋವಾಗ ನೀನೇ ಅಲ್ವಾ ಏನಾದ್ರೂ ಮಾಡು ಅಂತ ಕಿರುಚಿದ್ದು?"

ಬಾಯಿಬಿಟ್ಟರೆ ಅವನ ಕೊರಳು. ಬಿಡದಿದ್ದರೆ ತಿಸ್ವಾಹಿನಳ ಕೊರಳು. ಹಿಂತಿರುಗಿ ಅವಳ ಮನೆಗೇ ಹೋದೆ. ಅವಳಿಗೆ ಗೊತ್ತಿದ್ದದ್ದನ್ನೇ ಪೂರಾ ಹೇಳಿ, "ನಮ್ಮ ಜೀವ ನಿಮ್ಮ ಕೈಲಿದೆ ಖಾಲಾ. ನೀವು ಒಂದು ಕಾಗದ ಬರೆಸಿದ್ರೆ ಸಾಕು," ಅಂದೆ.

"ನನ್ನ ಮನೆಗೆ ಬಂದ ಒಂದು ಕಾಗದಾನೇ ಸಾಕಾಗಿದೆ," ಅಂದಳು. "ನಡಿ, ಮನೆಗೆ ಹೋಗು. ನಿನ್ನ ಕಣ್ಣೀರು ನಂಗೆ ಬೇಡ. ಅದನ್ನೂ ನಂಬೋದು ಕಷ್ಟ."

ಗುರುವಾರ ಬೆಳಗ್ಗೆ ವನ್ನಾಸ್ ಎಂದಿನಂತೆ ಬಂದು ಮಾರಾಟಕ್ಕೆ ಉಳಿದಿದ್ದ ಆ ಆರನೆಯ ಒಲೆಯನ್ನು ಗಾಡಿಗೆ ಹೇರಿಕೊಂಡ. ಎಂದಿನಂತೆ ಮನೆಗೆ ಹೋಗಿ ಊಟ ಮಾಡಿ, ಹೊತ್ತು ನೆತ್ತಿಗೇರಿದ ಮೇಲೆ ಊರ ಬಾಯಿಯ ಚಹಾದಂಗಡಿಯ ಮುಂದೆ ನಿಲ್ಲಿಸಿದ, ಯಾರಿಗೇನು ಬೇಕೆಂದು ಕೇಳಲು. ತಿಸ್ವಾಹಿನ್ ಅಲ್ಲೇ ಕಾದಿದ್ದಳು. ಚಕ್ರದ ಮೇಲೆ ಕಾಲಿಟ್ಟು ಗಾಡಿಯ ಹಿಂಬದಿಗೆ ಹತ್ತಿದಳು.

"ಖಾಲಾ, ಇಳೀರಿ. ಒಲೆ ಒಡೆಯುತ್ತೆ."

"ಒಡೀಲಿ ಬಿಡೋ. ಒಡೆಯೋದ್ರಲ್ಲಿ ಈ ಊರು ಹುಷಾರಾಗಿದೆ."

ಒಲೆಯ ಬಾಯಿಗೆ ಕೈಹಾಕಿ ಹುಲ್ಲು ಎಳೆದೆಳೆದು ಗಾಳಿಗೆ ತೂರಿದಳು. ಚಹಾದಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ವನ್ನಾಸನ ನಗು ಇನ್ನೂ ಮುಖದ ಮೇಲೇ ಇತ್ತು, ಬಣ್ಣ ಮಾತ್ರ ಹೋಗಿತ್ತು. ಹುಲ್ಲಿನ ಕೆಳಗಿಂದ ಬಾಯಿ ಕಟ್ಟಿದ ಹಿಟ್ಟಿನ ಚೀಲವೊಂದು ಬಂತು. ಎತ್ತುವಾಗ ಕುಡಿಕೆಗಳು ತಾಕಿದಂತೆ ಒಳಗೆ ಕಟಕಟ ಎಂದಿತು. ಅವಳು ಅದನ್ನು ಬಿಚ್ಚಲಿಲ್ಲ. ತೊಡೆಯ ಮೇಲಿಟ್ಟುಕೊಂಡಳು.

"ಇದು ನಿಂದೇನೋ ವನ್ನಾಸ್?"

"ಅಲ್ಲಾನಾಣೆ, ನಂದಲ್ಲ ಖಾಲಾ."

"ನಂದೂ ಅಲ್ಲ. ಗನಿಯಾ, ನಿಂದೇನಮ್ಮ?"

ಗನಿಯಾ ಎರಡು ಹೆಜ್ಜೆ ಹಿಂದೆ ಸರಿದಳು. ತಿಸ್ವಾಹಿನ್ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದಳು. ಒಬ್ಬೊಬ್ಬರೂ ಅಲ್ಲ ಅಂದರು. ಮೂರು ದಿನದ ಹಿಂದೆ ಇದಕ್ಕಾಗಿ ಒಲೆ ಒಡೆದವರು ಈಗ ಚೀಲದ ಕಡೆ ನೋಡಲೂ ಹೆದರುತ್ತಿದ್ದರು. ಕೊನೆಗೆ ನನ್ನ ಗಂಡನ ಕಡೆ ತಿರುಗಿದಳು, ಅವನಿಗೆ ಮಾತ್ರ ಆ ಪ್ರಶ್ನೆ ಕೇಳಲಿಲ್ಲ.

"ಖಶಾನ್, ಸಲಿಕೆ ತಗೊಂಡು ಬಾ."

ಚೀಲವನ್ನು ತಲೆಯ ಮೇಲಿಟ್ಟುಕೊಂಡು ಅವಳು ದಿಬ್ಬದ ಕಡೆ ನಡೆದಳು. ನನ್ನ ಗಂಡ ಸಲಿಕೆ ಹಿಡಿದು ಹಿಂದೆ. ಉರಿಬಿಸಿಲಲ್ಲಿ ಇಡೀ ಊರು ನಿಂತು ನೋಡಿತು. ಪಡುವಣ ಮಗ್ಗುಲಿನ ಗುಂಡಿಗೆ ಅವಳು ತಾನೇ ಇಳಿದು ಚೀಲವನ್ನು ಇಟ್ಟು ಬಂದು, ದಡದ ಮೇಲೆ ಕೂತಳು. ಖಶಾನ್ ಮಣ್ಣು ಎಳೆದ. ಗುಂಡಿ ತುಂಬಿದ ಮೇಲೂ ಅವಳು ಏಳಲಿಲ್ಲ, "ಇನ್ನೊಂದಷ್ಟು," ಅನ್ನುತ್ತಲೇ ಇದ್ದಳಂತೆ. ಅವನು ಅಂಗೈ ತುಂಬ ಬೊಬ್ಬೆ ಮಾಡಿಕೊಂಡು ಬಂದ.

ವನ್ನಾಸ್ ಆ ವಾರವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಸ್ರಾ ಕಡೆ ಹೋದ. ಅಧಿಕಾರಿ ತಿಂಗಳ ನಂತರ ಮತ್ತೆ ಬಂದು ಮನೆಮನೆಗೂ ಹೋಗಿ ವಿಚಾರಿಸಿದ. ಯಾರೂ ಏನೂ ನೋಡಿರಲಿಲ್ಲ. ಆದರೆ ಅಂದಿನಿಂದ ನಮ್ಮೂರಿನಲ್ಲಿ ಯಾರಾದರೂ ಪಟ್ಟಣಕ್ಕೆ ಹೊರಟರೆ ಉಳಿದವರು ಬೇಲಿಗೆ ಬಂದು ನಿಂತು, ಎಲ್ಲಿಗೆ, ಯಾಕೆ, ಯಾವಾಗ ವಾಪಸು ಎಂದು ಕೇಳುವುದು ಶುರುವಾಯಿತು. ಹನ್ನೊಂದು ಮನೆಗೆ ಒಂದೇ ಗುಟ್ಟು. ಯಾವ ಮನೆಯಿಂದ ಸೋರೀತೋ ಎಂದು ವರ್ಷಗಟ್ಟಲೆ ಕಿವಿ ನಿಗುರಿಸಿಕೊಂಡೇ ಬದುಕಿದೆವು.

ಮಾತ್ರೆ ನಿಂತುಹೋಯಿತು. ಹಸ್ನಾ ಆ ಬೇಸಗೆಯಲ್ಲಿ ಏಳು ಸಲ ಬಿದ್ದಳು. ಒಮ್ಮೆ ಕಾಲುವೆಯ ಕಲ್ಲಿಗೆ ಹಣೆ ಬಡಿದು ಸೀಳಿತು. ಅದರ ಮರುದಿನ ತಿಸ್ವಾಹಿನ್ ಕತ್ತೆಗಾಡಿಯಲ್ಲಿ ಒಂದು ಒಲೆ ಹೇರಿಕೊಂಡು ತಾನೇ ಶತ್ರಾಗೆ ಹೋದಳು. ಔಷಧದಂಗಡಿಯವನೊಬ್ಬನ ಮನೆಯಲ್ಲಿ ಅದನ್ನು ಕೂರಿಸಿಕೊಟ್ಟು, ಅವನು ಬಚ್ಚಿಟ್ಟಿದ್ದ ಮಾತ್ರೆಗಳಲ್ಲಿ ಆರು ತಿಂಗಳಿಗಾಗುವಷ್ಟು ತಂದು ನನ್ನ ಮಡಿಲಿಗೆ ಹಾಕಿದಳು. ನಾನು ಅವಳ ಕೈಹಿಡಿಯಲು ಹೋದರೆ ಕೊಡವಿದಳು.

"ದಯೆ ಗಿಯೆ ಅಂತ ತಿಳ್ಕೋಬೇಡ. ಹನ್ನೊಂದು ಒಲೆ ಕಟ್ಟಬೇಕು, ನಂಗೆ ಮಂಡಿನೋವು. ನಾಳೆಯಿಂದ ಮಣ್ಣು ತುಳಿಯೋಕೆ ಬಾ. ನಿಮ್ಮನೆ ಒಲೆ ಕೊನೇಲಿ."

ನಮ್ಮ ಮನೆಗೆ ಒಲೆ ಬಂದದ್ದು ಮಳೆಗಾಲದ ಹೊತ್ತಿಗೆ. ಆಮೇಲೂ ನಾನು ಹೋಗುವುದನ್ನು ಬಿಡಲಿಲ್ಲ, ಒಂಬತ್ತು ವರ್ಷ ಅವಳೊಂದಿಗೆ ಮಣ್ಣು ತುಳಿದೆ. ಖಶಾನ್ ಕಾವಲು ಕೆಲಸ ಬಿಟ್ಟು ಜೊಂಡು ಕೊಯ್ಯಲು ಹೋಗತೊಡಗಿದ. ಅವಳ ಮನೆಯ ಮುಂದೆ ಹಾಯುವಾಗ ಸಲಾಂ ಹೇಳುವನು. ಅವಳು ಉತ್ತರ ಕೊಡುವಳು, ಆದರೆ ಅವನ ಹೆಸರು ಹಿಡಿದು ಮತ್ತೆಂದೂ ಕರೆಯಲಿಲ್ಲ. ಅವಳ ಗಂಡನ ಸುದ್ದಿ ಬರಲೇ ಇಲ್ಲ. ಸೆರೆಯಾಳುಗಳ ಕೊನೆಯ ಬಸ್ಸು ಬಂದಾಗ ಹೋಗಿ ನೋಡಿ ಬಂದು, ಮಧ್ಯಾಹ್ನ ಎಂದಿನಂತೆ ಹುಲ್ಲು ಕೊಚ್ಚಿದಳು.

ಅವಳು ತೀರಿಕೊಂಡ ಮೇಲೆ ಒಲೆ ಕಟ್ಟುವುದು ನನ್ನ ಪಾಲಿಗೆ ಬಂದಿದೆ. ಹಸ್ನಾ ಕೂದಲು ಬಿಡಿಸಿ ಕೊಡುತ್ತಾಳೆ. ಮಣ್ಣಿನ ಹದ, ಕೂದಲಿನ ಅಳತೆ, ಗೋಡೆಯ ದಪ್ಪ ಎಲ್ಲ ಕಲಿತಿದ್ದೇನೆ. ಬಿರುಕು ಬಿಡದಿರಲೆಂದು ಮಣ್ಣಿಗೆ ಬೆರೆಸುವ ಉಪ್ಪು ಎಷ್ಟು ಎಂಬುದೊಂದು ಗೊತ್ತಿಲ್ಲ. ಅದನ್ನು ಹಾಕುವಾಗ ಮಾತ್ರ ಅವಳು ನನ್ನನ್ನು ನೀರು ತರಲು ಕಳಿಸುತ್ತಿದ್ದಳು. ನಾನು ಕಟ್ಟಿದ ಹತ್ತು ಒಲೆಗಳಲ್ಲಿ ಮೂರು ಬಿರಿಯುತ್ತವೆ.